ಕಣ್ಣು ತೆರೆದೇ ಇತ್ತು

ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ಒಂದು ಮರದ ಸ್ಕೇಲ್ ತೂಗುಹಾಕಿದ್ದೇವೆ. 30 ಸೆಂಟಿಮೀಟರಿನದು. ನಾನು ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಬಂದ ಕೂಡಲೇ, ಶೂ ಬಿಚ್ಚುವುದಕ್ಕೂ ಮೊದಲು, ಮಗಳು ಅದನ್ನು ತೆಗೆದುಕೊಂಡು ಬರುತ್ತಾಳೆ. ಸ್ಕೇಲಿನ ಮೇಲಿನ ತುದಿ ಅವಳ ಕೈಯಲ್ಲಿ. ಕೆಳಗೆ, ಸೊನ್ನೆ ಇರುವ ಕಡೆ, ನನ್ನ ಹೆಬ್ಬೆರಳು ಮತ್ತು ತೋರುಬೆರಳು ಅದಕ್ಕೆ ತಾಗದ ಹಾಗೆ ಕಾಯುತ್ತಿರಬೇಕು. ಅವಳು ಹೇಳದೆ ಕೇಳದೆ ಬಿಡುತ್ತಾಳೆ, ನಾನು ಹಿಡಿಯಬೇಕು. ಹೀಗೆ ಇಪ್ಪತ್ತು ಸಲ. ಹಿಡಿದ ಜಾಗದ ಅಳತೆಯನ್ನು ಅವಳು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ.

ಇದರ ಲೆಕ್ಕ ಸುಲಭ. ಕೈಬಿಟ್ಟ ವಸ್ತು ಎಷ್ಟು ಹೊತ್ತಿಗೆ ಎಷ್ಟು ಕೆಳಗೆ ಬೀಳುತ್ತದೆ ಅನ್ನುವುದು ಹೈಸ್ಕೂಲಿನಲ್ಲಿ ಓದಿದ್ದೇ ಅಲ್ವಾ. 15 ಸೆಂಟಿಮೀಟರಿನಲ್ಲಿ ಹಿಡಿದರೆ ನಾನು ತೆಗೆದುಕೊಂಡ ಸಮಯ ಸುಮಾರು 0.17 ಸೆಕೆಂಡ್. 20ರಲ್ಲಿ ಹಿಡಿದರೆ 0.20. ಇಡೀ ಸ್ಕೇಲ್ ಜಾರಿ ನೆಲಕ್ಕೆ ಬಿದ್ದರೆ ಕಾಲು ಸೆಕೆಂಡ್ ದಾಟಿತು ಅಂತ ಅರ್ಥ.

ರಜೆಯ ದಿನ ಚೆನ್ನಾಗಿ ನಿದ್ದೆ ಮಾಡಿ ಎದ್ದಾಗ ನನ್ನ ಅಳತೆಗಳು 16, 18, 17, 19 ಹೀಗೆ ಇರುತ್ತವೆ. ನೈಟ್ ಶಿಫ್ಟ್ ಮುಗಿಸಿ ಬಂದಾಗ? ಎಲ್ಲವೂ ಕೆಟ್ಟಿರುತ್ತವೆ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. 18, 20, 19, 21. ಒಂದಿಷ್ಟು ನಿಧಾನ, ಅಷ್ಟೇ. ಆದರೆ ನಡುನಡುವೆ ಒಂದು ಸಲ ಸ್ಕೇಲ್ ನನ್ನ ಬೆರಳುಗಳ ನಡುವೆಯೇ ಇಳಿದು ಟಪ್ಪಂತ ನೆಲಕ್ಕೆ ಬೀಳುತ್ತದೆ. ಬೆರಳು ಅಲ್ಲಾಡಿರುವುದೇ ಇಲ್ಲ. ನಾನು ಸ್ಕೇಲನ್ನೇ ನೋಡುತ್ತಿದ್ದೆ, ಅದು ಬೀಳುವುದನ್ನೂ ನೋಡಿದೆ ಅನಿಸುತ್ತದೆ, ಆದರೂ ಕೈಗೆ ಸುದ್ದಿ ಹೋಗಿಲ್ಲ. ಮಗಳು "ಅಪ್ಪಾ, ಬಿತ್ತು" ಅಂದಾಗಲೇ ನನಗೆ ಪೂರ್ತಿ ಗೊತ್ತಾಗುವುದು.

ಈ ಬಿದ್ದ ಸಲಗಳ ಬಗ್ಗೆಯೇ ನಾನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕೊಪ್ಪಳ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಹೆಸರು ಬೇಡ. ಸ್ಪಾಂಜ್ ಐರನ್, ಅಂದರೆ ಉಕ್ಕು ಮಾಡಲು ಬಳಸುವ ಕಬ್ಬಿಣ, ಮಾಡುವ ಕಿಲ್ನ್ ಅಲ್ಲಿದೆ. ನೋಡದವರಿಗೆ ಹೇಳುವುದಾದರೆ, ಮಲಗಿಸಿಟ್ಟ ಉದ್ದನೆಯ ಕಬ್ಬಿಣದ ಕೊಳವೆ, ಒಳಗೆಲ್ಲ ಇಟ್ಟಿಗೆಯ ಲೈನಿಂಗ್, ನಿಧಾನಕ್ಕೆ ತಿರುಗುತ್ತಿರುತ್ತದೆ. ಒಂದು ತುದಿಯಿಂದ ಅದಿರು, ಕಲ್ಲಿದ್ದಲು, ಡಾಲಮೈಟ್ ಹೋಗುತ್ತದೆ, ಒಳಗೆ ಸಾವಿರ ಡಿಗ್ರಿ ಆಸುಪಾಸಿನ ಬಿಸಿ. ಉದ್ದಕ್ಕೂ ಬಿಸಿ ಅಳೆಯುವ ಥರ್ಮೋಕಪಲ್ ಕೂಡಿಸಿದ್ದಾರೆ, ನಾವು ಟಿಸಿ ಅನ್ನುತ್ತೇವೆ. ಆ ಟಿಸಿಗಳ ಅಂಕಿಗಳು ಕಂಟ್ರೋಲ್ ರೂಮಿನ ಸ್ಕ್ರೀನ್ ಮೇಲೆ ಬರುತ್ತವೆ. ಯಾವ ಜಾಗದಲ್ಲಿ ಬಿಸಿ ಏರಿತೋ ಅಲ್ಲಿನ ಫ್ಯಾನಿನ ಗಾಳಿ ಕಡಿಮೆ ಮಾಡಬೇಕು. ಅಂದರೆ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ನೋಡುತ್ತಾ ಕೂರುವುದು. ಹೆಚ್ಚಿನ ರಾತ್ರಿಗಳಲ್ಲಿ ಏನೂ ಆಗುವುದಿಲ್ಲ. ಹೊರಗಿನವರಿಗೆ ಅದು ಸುಖದ ಕೆಲಸ ಅನಿಸಬಹುದು, ಆದರೆ ಏನೂ ಆಗದೇ ಇರುವುದನ್ನು ಎಂಟು ತಾಸು ನೋಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಎರಡು ವರ್ಷದ ಹಿಂದೆ, ಸತತ ನಾಲ್ಕನೇ ನೈಟ್ ಶಿಫ್ಟ್. ಬೆಳಗಿನ ಜಾವ ನಾಲ್ಕರ ಹತ್ತಿರ ಫೀಲ್ಡ್‌ನಿಂದ, ಅಂದರೆ ಕಿಲ್ನಿನ ಪಕ್ಕದಿಂದ, ಫೋನ್ ಬಂತು. ಅಲ್ಲಿರುವವರು ನನಗಿಂತ ಹದಿನೈದು ವರ್ಷ ದೊಡ್ಡವರು, ಕಿಲ್ನಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುವಂಥವರು. "ಸರ್, ಎಂಟನೇ ಟಿಸಿ ನೋಡಾಕತ್ತೀರೇನು?" ಅಂದರು. ನಾನು "ನೋಡಾಕತ್ತೀನಣ್ಣ" ಅಂದೆ. ಸುಳ್ಳು ಹೇಳಿದ್ದಲ್ಲ. ನಿಜಕ್ಕೂ ಅದನ್ನೇ ನೋಡುತ್ತಿದ್ದೆ. ಅವರು ಹೇಳಿದ ಮೇಲೆ ಅಂಕಿ ಕಣ್ಣಿಗೆ ಹತ್ತಿತು. ಅದು ಮಿತಿ ದಾಟಿ ಬಹಳ ಮೇಲೆ ಹೋಗಿತ್ತು. ಗ್ರಾಫ್ ತೆಗೆದು ನೋಡಿದರೆ ಹನ್ನೊಂದು ನಿಮಿಷದಿಂದ ಗೆರೆ ಏರುತ್ತಲೇ ಇದೆ.

ಬಿಸಿ ಜಾಸ್ತಿ ಆದರೆ ಒಳಗೆ ಬೂದಿ ಕರಗಿ ಇಟ್ಟಿಗೆಗೆ ಅಂಟಿಕೊಂಡು ಬಳೆಯ ಹಾಗೆ ಕಟ್ಟಿಕೊಳ್ಳುತ್ತದೆ. ನಾವು ರಿಂಗ್ ಅನ್ನುತ್ತೇವೆ. ರಿಂಗ್ ಬೆಳೆದರೆ ಮಾಲು ಮುಂದೆ ಸರಿಯುವುದಿಲ್ಲ, ಕೊನೆಗೆ ಕಿಲ್ನ್ ಆರಿಸಿ ಜನ ಒಳಗಿಳಿದು ಒಡೆದು ತೆಗೆಯಬೇಕು. ಅವತ್ತು ಯಾರಿಗೂ ಏನೂ ಆಗಲಿಲ್ಲ, ಆದರೆ ಕಿಲ್ನ್ ನಿಲ್ಲಿಸುವ ದಿನ ಹತ್ತಿರ ಬಂತು. ನನಗೆ ಮೆಮೋ ಬಂತು. ಕಾರಣದ ಜಾಗದಲ್ಲಿ "ಕರ್ತವ್ಯದ ವೇಳೆ ನಿದ್ದೆ" ಅಂತ ಇತ್ತು.

ನಾನು ಮಲಗಿರಲಿಲ್ಲ ಅಂದೆ. ಸಿಸಿಟಿವಿ ತೆಗೆದು ನೋಡಿದರು. ನಾನು ನೆಟ್ಟಗೆ ಕೂತಿದ್ದೇನೆ. ಕಣ್ಣು ತೆರೆದಿದೆ. ಕೈ ಮೌಸ್ ಮೇಲಿದೆ. ಇನ್ನೂ ಒಂದು ಸಂಗತಿ ಹೊರಬಿತ್ತು, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. 3 ಗಂಟೆ 52 ನಿಮಿಷಕ್ಕೆ ಸ್ಕ್ರೀನಿನಲ್ಲಿ ಅಲಾರಂ ಬಂದಿದೆ, ನನ್ನ ಕೈ ಅದನ್ನು ಒತ್ತಿ ಸುಮ್ಮನಾಗಿಸಿದೆ. ವಿಡಿಯೋದಲ್ಲಿ ಕಾಣುತ್ತದೆ, ಕಂಪ್ಯೂಟರಿನ ಲಾಗ್‌ನಲ್ಲೂ ಇದೆ. ನನಗೆ ನೆನಪೇ ಇಲ್ಲ. ಎಷ್ಟು ಕೆದಕಿದರೂ ಇಲ್ಲ.

"ಹಾಗಾದರೆ ಎಚ್ಚರ ಇದ್ದೂ ಸುಮ್ಮನೆ ಕೂತಿದ್ದೆ ಅಂತಾಯ್ತಲ್ಲ, ಅದು ಇನ್ನೂ ದೊಡ್ಡ ತಪ್ಪು" ಅಂದರು ವಿಚಾರಣೆ ಮಾಡಿದವರು. ಅವರ ಹತ್ತಿರ ಎರಡೇ ಖಾನೆ ಇದ್ದವು. ಮಲಗಿದ್ದೆ ಅನ್ನು, ಇಲ್ಲವೇ ಉಡಾಫೆ ಮಾಡಿದೆ ಅನ್ನು. ನಾನಿದ್ದದ್ದು ಎರಡರಲ್ಲೂ ಅಲ್ಲ. ಆದರೆ ಮೂರನೆಯದರ ಹೆಸರು ನನಗೂ ಗೊತ್ತಿರಲಿಲ್ಲ. ಅವತ್ತಿನಿಂದ ಓದಲು ಶುರು ಮಾಡಿದೆ. ಸಿಕ್ಕಿದ್ದೆಲ್ಲ ಓದಿದೆ.

ಮೊದಲು ಸಿಕ್ಕಿದ್ದೇ ಇನ್ನೊಬ್ಬನ ಮೆಮೋ ಕಥೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ 1796ರಲ್ಲಿ ನಡೆದದ್ದು. ಅಲ್ಲಿನ ಮುಖ್ಯಸ್ಥ ನೆವಿಲ್ ಮಾಸ್ಕೆಲೀನ್. ಅವನ ಸಹಾಯಕ ಡೇವಿಡ್ ಕಿನ್ನೆಬ್ರೂಕ್. ದೂರದರ್ಶಕದಲ್ಲಿ ನಕ್ಷತ್ರ ಒಂದು ತಂತಿಯನ್ನು ದಾಟುವ ಕ್ಷಣವನ್ನು, ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಬರೆದಿಡುವುದು ಅವರ ಕೆಲಸ. ಸಹಾಯಕ ಬರೆದ ಸಮಯ ಮಾಸ್ಕೆಲೀನ್ ಬರೆದದ್ದಕ್ಕಿಂತ ಸುಮಾರು 0.8 ಸೆಕೆಂಡ್ ತಡ. ಎಚ್ಚರಿಕೆ ಕೊಟ್ಟರೂ ಸರಿಹೋಗಲಿಲ್ಲ. ಕೆಲಸದಿಂದ ತೆಗೆದ. ಎಷ್ಟೋ ವರ್ಷದ ಮೇಲೆ ಬೆಸೆಲ್ ಎಂಬ ಜರ್ಮನ್ ಖಗೋಳ ವಿಜ್ಞಾನಿ ಈ ಸುದ್ದಿ ಓದಿ, ಹೆಸರಾಂತ ಖಗೋಳ ವಿಜ್ಞಾನಿಗಳನ್ನೇ ತನ್ನ ಜೊತೆ ಹೋಲಿಸಿ ನೋಡಿದ. ಎಲ್ಲರ ನಡುವೆಯೂ ವ್ಯತ್ಯಾಸ ಇತ್ತು. ಕಣ್ಣಿಗೆ ಕಂಡದ್ದು ಬುದ್ಧಿಗೆ ತಲುಪುವುದಕ್ಕೆ ಹೊತ್ತು ಹಿಡಿಯುತ್ತದೆ, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಆ ಸಹಾಯಕನ ಪಾಲಿಗೆ ಈ ಮಾತು ತಡವಾಗಿ ಬಂತು. ಓದುವಾಗ ನನಗೆ ಗಂಟಲು ಕಟ್ಟಿತು.

ಹೊತ್ತು ಹಿಡಿಯುವುದು ಎಲ್ಲಿ? ನರಗಳಲ್ಲಿ ಇರಬೇಕು ಅಂತ ನಾನು ತಿಳಿದಿದ್ದೆ. ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಸುದ್ದಿ ಎಷ್ಟು ಜೋರಾಗಿ ಓಡುತ್ತದೆ ಅಂತ ಅಳೆದಿದ್ದ, ಸೆಕೆಂಡಿಗೆ 27 ಮೀಟರ್ ಆಸುಪಾಸು. ನಮ್ಮ ಕೈಯ ನರಗಳು ಇನ್ನೂ ಜೋರು, 50-60 ಮೀಟರ್. ಅಂದರೆ ತಲೆಯಿಂದ ಬೆರಳಿನವರೆಗಿನ ಒಂದು ಮೀಟರ್ ದಾರಿಗೆ ಬೇಕಾಗಿರುವುದು 0.02 ಸೆಕೆಂಡ್. ಸ್ಕೇಲ್ ಹಿಡಿಯುವ 0.20ರಲ್ಲಿ ಹತ್ತನೇ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಕಳೆಯುವುದು ಕಣ್ಣು ಮತ್ತು ಮಿದುಳಿನಲ್ಲಿ. ನಿದ್ದೆಗೆಟ್ಟಾಗ ತಂತಿ ಕೆಡುವುದಿಲ್ಲ. ತಂತಿಯ ಆ ತುದಿಯಲ್ಲಿ ಕೂತವನು ಕೆಡುತ್ತಾನೆ.

ಆ ತುದಿಯಲ್ಲಿ ಏನಾಗುತ್ತದೆ ಅಂತ ನೋಡಲು ಮೊದಲ ಕಿಂಡಿ ತೆರೆದವರು ಹನ್ಸ್ ಬರ್ಗರ್. ಜರ್ಮನಿಯ ಯೇನಾ ಊರಿನ ಮನೋವೈದ್ಯರು. 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಸಲ ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಇವತ್ತಿನ ಇಇಜಿ ಅಂದರೆ ಅದೇ. ಕಣ್ಣು ಮುಚ್ಚಿ ಆರಾಮವಾಗಿ ಕೂತಾಗ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಕಾಣುತ್ತದೆ. ಅದಕ್ಕೆ ಆಲ್ಫಾ ಅಂದರು. ಕಣ್ಣು ತೆರೆದ ಕೂಡಲೇ ಅದು ಅಡಗುತ್ತದೆ, ಅದರ ಜಾಗಕ್ಕೆ ಸಣ್ಣ ಸಣ್ಣ ಚುರುಕು ಅಲೆಗಳು ಬರುತ್ತವೆ.

ನನಗೆ ಬೇಕಾದ ಮಾತು ಇದರ ಮುಂದಿನದು. ಎಚ್ಚರ ಇಳಿಯುತ್ತಾ ಹೋದಾಗ, ಕಣ್ಣು ತೆರೆದಿದ್ದರೂ ಆಲ್ಫಾ ಮತ್ತೆ ತಲೆ ಎತ್ತುತ್ತದೆ. ಅದರ ಜೊತೆಗೆ ಥೀಟಾ ಅನ್ನುವ ಇನ್ನೂ ನಿಧಾನದ ಅಲೆ, ಸೆಕೆಂಡಿಗೆ 4ರಿಂದ 8ರದು, ಆಗಾಗ ಬಂದು ಹೋಗುತ್ತದೆ. ನಿದ್ದೆಗೆ ಜಾರುವಾಗ ಕಾಣುವ ಅಲೆ ಅದು. ಅಂದರೆ ರೆಪ್ಪೆ ತೆರೆದೇ ಇದೆ, ಒಳಗೆ ಮಿದುಳು ಬಾಗಿಲನ್ನು ಅರ್ಧ ಎಳೆದುಕೊಂಡಿದೆ. ಹೊರಗೆ ನಿಂತ ಸಿಸಿಟಿವಿಗೆ ರೆಪ್ಪೆ ಮಾತ್ರ ಕಾಣುತ್ತದೆ.

ಇನ್ನೂ ಮುಂದೆ ಹೋಗಿ ಒಂದೊಂದೇ ನರಕೋಶದ ಮಾತು ಕೇಳಿದವರಿದ್ದಾರೆ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿಜ್ಞಾನಿಗಳು ಇಲಿಗಳನ್ನು, ಅವು ಮಲಗುವ ಹೊತ್ತಿನಲ್ಲಿ, ಹೊಸ ಹೊಸ ಆಟಿಕೆ ಕೊಟ್ಟು ಎಚ್ಚರ ಇರಿಸಿದರು. ಇಲಿ ಓಡಾಡುತ್ತಿದೆ, ಕಣ್ಣು ತೆರೆದಿದೆ. ಆದರೆ ಮಿದುಳಿನ ಹೊರಪದರದಲ್ಲಿ ಕೆಲವು ಕೋಶಗಳು ಕ್ಷಣಕಾಲ ಪೂರ್ತಿ ಸುಮ್ಮನಾಗುತ್ತಿದ್ದವು, ಗಾಢ ನಿದ್ದೆಯಲ್ಲಿ ಆಗುವ ಹಾಗೆ. ಪಕ್ಕದ ಕೋಶಗಳು ಕೆಲಸದಲ್ಲಿವೆ, ಇವು ಮಲಗಿವೆ. ಆ ಇಲಿಗಳಿಗೆ ಸಕ್ಕರೆ ಗುಳಿಗೆಯನ್ನು ಕಾಲಿನಿಂದ ಎತ್ತಿಕೊಳ್ಳಲು ಕಲಿಸಿದ್ದರು. ಕೈಕಾಲು ಆಡಿಸುವ ಭಾಗದ ಕೋಶಗಳು ಹೀಗೆ ಸುಮ್ಮನಾದಾಗ ಇಲಿ ಗುಳಿಗೆ ತಪ್ಪಿಸಿಕೊಳ್ಳುವುದು ಜಾಸ್ತಿ ಆಯಿತು. ಆರು ವರ್ಷದ ಮೇಲೆ, 2017ರಲ್ಲಿ, ಮನುಷ್ಯರಲ್ಲೇ ಇದಕ್ಕೆ ಹತ್ತಿರದ ಸಂಗತಿ ಕಂಡಿತು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗಾಗಿ ಮಿದುಳಿನೊಳಗೆ ಎಲೆಕ್ಟ್ರೋಡ್ ಇಟ್ಟುಕೊಂಡಿದ್ದ ರೋಗಿಗಳು ಅವರು. ನಿದ್ದೆಗೆಟ್ಟು ಚಿತ್ರ ಗುರುತಿಸುವಾಗ, ಉತ್ತರ ತಡವಾದ ಹೊತ್ತಿನಲ್ಲಿ ಅವರ ನರಕೋಶಗಳ ಮಿಡಿತವೇ ತಡವಾಗಿತ್ತು, ದುರ್ಬಲವಾಗಿತ್ತು. ಕೈ ತಡ ಮಾಡುವ ಮೊದಲೇ ನೋಟ ತಡ ಮಾಡಿತ್ತು.

ಇದನ್ನು ಓದಿದ ದಿನ ನಾನು ಹೆಂಡತಿಯನ್ನು ಕರೆದು ಓದಿ ಹೇಳಿದೆ. "ಮತ್ತ ಮಲಗೀನೂ ಇರಲಿಲ್ಲ, ಎಚ್ಚರಾನೂ ಇರಲಿಲ್ಲ ಅಂದಂಗಾತ್ರಿ" ಅಂದಳು. ಹೌದು, ಅದೇ. ಅವಳು ಒಂದೇ ಮಾತಿನಲ್ಲಿ ಹೇಳಿದ ಆ ಮೂರನೇ ಖಾನೆ ವಿಚಾರಣೆಯ ಕಾಗದದಲ್ಲಿ ಇರಲಿಲ್ಲ. ನಮ್ಮ ಭಾಷೆಯಲ್ಲಿ ಮಾತ್ರ ಯಾವಾಗಿನಿಂದಲೋ ಇದೆ. ತೂಕಡಿಕೆ, ಜೋಂಪು, ಮಂಪರು, ಮಬ್ಬು, ಕೋಳಿನಿದ್ದೆ, ನಿದ್ದೆಗಣ್ಣು. ರಾತ್ರಿ ಗದ್ದೆಗೆ ನೀರು ಕಟ್ಟಿದವರು, ಬಾಣಂತಿಯ ಪಕ್ಕ ಕೂತವರು, ಕಣದಲ್ಲಿ ರಾಶಿ ಕಾದವರು ಈ ಮೆಟ್ಟಿಲುಗಳನ್ನೆಲ್ಲ ಇಳಿದು ನೋಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ.

ಸ್ಕೇಲಿನ ವಿಷಯಕ್ಕೆ ಬರುತ್ತೇನೆ. ಎಚ್ಚರ ಅಳೆಯುವುದಕ್ಕೆ ಪಿವಿಟಿ ಅನ್ನುವ ಪರೀಕ್ಷೆ ಇದೆ, ಡೇವಿಡ್ ಡಿಂಜಸ್ ಮತ್ತು ಜೊತೆಗಾರರು 1985ರಲ್ಲಿ ರೂಪಿಸಿದ್ದು. ಹತ್ತು ನಿಮಿಷ ಕೂರಬೇಕು. 2ರಿಂದ 10 ಸೆಕೆಂಡಿಗೊಮ್ಮೆ, ಯಾವಾಗ ಅಂತ ಗೊತ್ತಿಲ್ಲದ ಹಾಗೆ, ಅಂಕಿ ಮೂಡುತ್ತದೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ನಿದ್ದೆ ಆದವರು ಕಾಲು ಸೆಕೆಂಡಿನ ಹತ್ತಿರ ಒತ್ತುತ್ತಾರೆ. ಅರ್ಧ ಸೆಕೆಂಡ್ ದಾಟಿದರೆ ಅದನ್ನು ತಪ್ಪಿದ್ದು ಅಂತ ಎಣಿಸುತ್ತಾರೆ. ನಿದ್ದೆಗೆಟ್ಟವರಲ್ಲಿ ಮುಖ್ಯವಾಗಿ ಹೆಚ್ಚುವುದು ಈ ತಪ್ಪುಗಳು. ಎಲ್ಲ ಉತ್ತರಗಳೂ ಸಮನಾಗಿ ನಿಧಾನ ಆಗುವುದಿಲ್ಲ. ಒಂದು ಚುರುಕು, ಒಂದು ಚುರುಕು, ಆಮೇಲೆ ಒಂದು ಹೊಂಡ. ಮಗಳ ನೋಟ್‌ಬುಕ್ಕಿನಲ್ಲಿ ಇರುವುದೂ ಅದೇ ನಕ್ಷೆ. ಸರಾಸರಿ ತೆಗೆದರೆ ನಾನು ಪಾಸು. ಆದರೆ ಕಿಲ್ನಿಗಾಗಲಿ, ಹೈವೇಯಲ್ಲಿ ಹಿಂದಿನ ಲೈಟ್ ಇಲ್ಲದೆ ಹೋಗುತ್ತಿರುವ ಟ್ರ್ಯಾಕ್ಟರ್ ಟ್ರಾಲಿಗಾಗಲಿ ನನ್ನ ಸರಾಸರಿಯಿಂದ ಏನೂ ಆಗಬೇಕಾಗಿಲ್ಲ. ಅದು ಎದುರಾಗುವ ಆ ಒಂದು ಗಳಿಗೆಯಲ್ಲಿ ನಾನು ಎಲ್ಲಿದ್ದೆ ಅನ್ನುವುದಷ್ಟೇ ಲೆಕ್ಕ.

ಅಂಥ ಹೊಂಡ ಮೂರೇ ಸೆಕೆಂಡಿನದು ಅಂದುಕೊಂಡರೂ, ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಗಾಡಿ ಅಷ್ಟರಲ್ಲಿ 50 ಮೀಟರ್ ಹೋಗಿರುತ್ತದೆ. ನೈಟ್ ಮುಗಿಸಿ ಬೈಕ್ ಓಡಿಸಿಕೊಂಡು ಬರುವಾಗ ನಾನು ಎಷ್ಟೋ ಸಲ ಮನೆ ಮುಂದೆ ನಿಂತು ಯೋಚಿಸಿದ್ದುಂಟು, ರೈಲ್ವೆ ಹಳಿ ಯಾವಾಗ ದಾಟಿದೆ ಅಂತ. ಆಗ ಅದನ್ನು ಅಭ್ಯಾಸದ ಬಲ ಅಂದುಕೊಂಡಿದ್ದೆ.

ಓದಿದ್ದರಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು 2003ರ ಒಂದು ಅಧ್ಯಯನ. ಆರೋಗ್ಯವಂತರನ್ನು ಗುಂಪು ಮಾಡಿ 14 ದಿನ ಕೆಲವರಿಗೆ 8 ತಾಸು, ಕೆಲವರಿಗೆ 6, ಕೆಲವರಿಗೆ 4 ತಾಸು ಮಾತ್ರ ಹಾಸಿಗೆ ಕೊಟ್ಟರು. 6 ತಾಸಿನವರ ತಪ್ಪುಗಳು ದಿನದಿಂದ ದಿನಕ್ಕೆ ಏರಿ, ಎರಡು ವಾರ ಮುಗಿಯುವ ಹೊತ್ತಿಗೆ ಒಂದಿಡೀ ರಾತ್ರಿ ಕಣ್ಣು ಮುಚ್ಚದವರ ಮಟ್ಟ ಮುಟ್ಟಿದವು. 4 ತಾಸಿನವರು ಅದಕ್ಕೂ ಕೆಟ್ಟರು. ಆದರೆ "ಎಷ್ಟು ನಿದ್ದೆ ಬರ್ತಿದೆ" ಅಂತ ಕೇಳಿದರೆ ಅವರ ಉತ್ತರ ಮೊದಲ ಕೆಲವು ದಿನ ಏರಿ ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಂತುಬಿಟ್ಟಿತು. ರೂಢಿ ಆಯಿತು ಅಂತ ಅವರಿಗೆ ಅನಿಸಿತು. ಮಿದುಳಿಗೆ ರೂಢಿ ಆಗಿರಲಿಲ್ಲ.

ಈ ಸಾಲುಗಳನ್ನು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಹೊಸಬರು ಬಂದಾಗ "ಒಂದು ತಿಂಗಳು ಅಷ್ಟೇ, ರೂಢಿ ಆಗ್ತದ" ಅಂತ ಧೈರ್ಯ ಹೇಳುತ್ತಿದ್ದವನು ನಾನೇ. ಫೋನಿನಲ್ಲಿ "ನೋಡಾಕತ್ತೀನಣ್ಣ" ಅಂದದ್ದೂ ಈ ಬಾಯಿಯೇ. ನಿದ್ದೆ ಬಂದಿದೆಯೋ ಇಲ್ಲವೋ ಅಂತ ತೀರ್ಪು ಕೊಡಬೇಕಾದ ಮಿದುಳೇ ಮಬ್ಬಿನಲ್ಲಿದ್ದರೆ ಆ ತೀರ್ಪನ್ನು ನಂಬುವುದು ಹೇಗೆ? ಅದಕ್ಕೇ ನನಗೆ ಸ್ಕೇಲ್ ಬೇಕಾಯಿತು. ಅದಕ್ಕೆ ನನ್ನ ಹಾಗೆ ಮಂಪರು ಹತ್ತುವುದಿಲ್ಲ.

ನಮ್ಮ ಗೇಟಿನಲ್ಲಿ ಸೆಕ್ಯುರಿಟಿಯವರು ಮೀಟರ್ ಹಿಡಿದು ಊದಿಸುತ್ತಾರೆ. ಕುಡಿದವನನ್ನು ಒಳಗೆ ಬಿಡುವುದಿಲ್ಲ, ಸರಿಯಾದ್ದೇ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಹೋಲಿಸಿ ನೋಡಿದಾಗ, 17 ತಾಸು ಎಚ್ಚರ ಇದ್ದವರ ಕೈಚಳಕ 50 ಮಿಲಿಗ್ರಾಂ ಏರಿದವರ ಮಟ್ಟಕ್ಕೆ ಇಳಿದಿತ್ತು. ಮೊದಲ ನೈಟ್‌ಗೆ ಬರುವವನು ಬೆಳಿಗ್ಗೆ 7ಕ್ಕೆ ಎದ್ದು ಹಗಲು ಮಲಗದೆ ಬಂದರೆ ರಾತ್ರಿ 12ಕ್ಕೇ 17 ತಾಸು ತುಂಬಿತು. ಮುಂದಿನ ಆರು ತಾಸು ಅವನು ಸಾವಿರ ಡಿಗ್ರಿಯ ಪಕ್ಕದಲ್ಲಿ ಇರುತ್ತಾನೆ. ಅದನ್ನು ಊದಿಸಿ ನೋಡುವ ಮೀಟರ್ ನಮ್ಮ ಗೇಟಿನಲ್ಲಿಲ್ಲ.

ನಾಲ್ಕು ಗಂಟೆಯೇ ಯಾಕೆ? ಒಂದು, ದೇಹದ ಗಡಿಯಾರ. ಬೆಳಗಿನ ಜಾವ ಮೈಬಿಸಿ ದಿನದಲ್ಲೇ ಅತಿ ಕಡಿಮೆಗೆ ಇಳಿದಿರುತ್ತದೆ, ಎಚ್ಚರವೂ ಇಳಿಯುತ್ತದೆ. ಎರಡು, ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗಿ ನಿದ್ದೆಯ ಒತ್ತಡ ಹೆಚ್ಚಿಸುತ್ತದೆ. ಇವೆರಡೂ ಇಲ್ಲದಿದ್ದರೂ ಮೂರನೆಯದು ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಮಾನಪಡೆಯ ರಾಡಾರ್ ನೋಡುವವರು, ತರಬೇತಿ ಆದವರೇ, ಪರದೆಯ ಮೇಲಿನ ಚುಕ್ಕೆ ತಪ್ಪಿಸುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಲು ಒಂದು ಗಡಿಯಾರ ಮಾಡಿದರು. ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಎಲ್ಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದ್ದನ್ನು ಹೇಳಬೇಕು, ಎರಡು ತಾಸು. 1948ರಲ್ಲಿ ಪ್ರಕಟಿಸಿದ ಫಲಿತಾಂಶ ಏನೆಂದರೆ, ಮೊದಲ ಅರ್ಧ ತಾಸು ಕಳೆಯುವುದರೊಳಗೇ ಜನ ತಪ್ಪಿಸಲು ಶುರು ಮಾಡುತ್ತಾರೆ. ಅವರು ನಿದ್ದೆಗೆಟ್ಟವರಲ್ಲ. ಬರೀ ಕಾಯುವುದೇ ಮಿದುಳನ್ನು ದಣಿಸುತ್ತದೆ. ನಾವು ಎಂಟು ತಾಸು ಕಾಯುತ್ತೇವೆ.

ಇದೆಲ್ಲದರ ಬೇರು ಹಗಲಿನ ನಿದ್ದೆಯಲ್ಲಿದೆ. ಅದರ ಬಗ್ಗೆ ಹೊರಗಿನ ಯಾವ ಪುಸ್ತಕವೂ ನಮ್ಮ ಊರಿನ ಮಾತು ಹೇಳುವುದಿಲ್ಲ. ಮೈ ತಣಿದರೆ ತಾನೇ ನಿದ್ದೆ ಆಳಕ್ಕೆ ಹೋಗುವುದು. ಏಪ್ರಿಲ್-ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟಿದ ಮಧ್ಯಾಹ್ನ, ಆರ್‌ಸಿಸಿ ಸ್ಲ್ಯಾಬಿನ ಕೆಳಗೆ, ಕರೆಂಟ್ ಹೋಗಿ ಬಂದು ಮಾಡುವಾಗ ಮೈ ತಣಿಯುವುದು ಹೇಗೆ? ನಾನು ಬಾಡಿಗೆಗಿರುವ ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಹತ್ತಕ್ಕೆ ಶುರು ಆದರೆ ಎರಡರವರೆಗೂ ನಿಲ್ಲುವುದಿಲ್ಲ. ಮನೆಗೆ ಬಂದವರೆಲ್ಲ "ಹಗಲಾಗ ಮಲಗ್ಯಾನೇನು" ಅಂತ ಕೇಳುತ್ತಾರೆ, ಅವರಿಗೆ ಅದು ಸೋಮಾರಿತನದ ಹಾಗೆ ಕಾಣುತ್ತದೆ. ಮೂರೂವರೆ ತಾಸು, ಹೆಚ್ಚೆಂದರೆ ನಾಲ್ಕು. ನಾಲ್ಕನೇ ನೈಟ್ ಹೊತ್ತಿಗೆ ನಾನು ಎಷ್ಟು ನಿದ್ದೆಯ ಸಾಲದಲ್ಲಿದ್ದೆ ಅಂತ ಈಗ ಲೆಕ್ಕ ಸಿಗುತ್ತದೆ.

ಅವ್ವನ ಮನೆ ಊರಲ್ಲಿದೆ, ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡು ಮೊಳ ದಪ್ಪ, ಮೇಲೆ ತೊಲೆ-ಜಂತಿ, ಅದರ ಮೇಲೆ ಮಣ್ಣು. ಒಳಗೆ ಒಂದು ಸಣ್ಣ ಬೆಳಕಿಂಡಿ. ಬಾಗಿಲು ಹಾಕಿದರೆ ನಡು ಮಧ್ಯಾಹ್ನವೂ ರಾತ್ರಿಯ ಹಾಗೆ, ತಂಪು. ಬೇಸಿಗೆಯಲ್ಲಿ ನೈಟ್ ಇದ್ದ ವಾರ ಈಗ ಅಲ್ಲಿಗೇ ಹೋಗುತ್ತೇನೆ. ಕೆಳಗೆ ಕೌದಿ ಹಾಸಿಕೊಂಡರೆ ಆರು ತಾಸು ಎಚ್ಚರವೇ ಇಲ್ಲ. ಅವ್ವ ಹೊರಗೆ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ "ಸದ್ದು ಮಾಡಬ್ಯಾಡ್ರಿ, ಹುಡುಗ ರಾತ್ರಿಯೆಲ್ಲ ದುಡಿದು ಬಂದಾನ" ಅಂತ ಹೇಳುತ್ತಿರುತ್ತಾಳೆ. ಆ ದಿನಗಳ ರಾತ್ರಿ ನನ್ನ ಕಣ್ಣಿಗೆ ಸ್ಕ್ರೀನ್ ಬೇರೆಯೇ ಥರ ಕಾಣುತ್ತದೆ. ಎಲ್ಲರಿಗೂ ಮಾಳಿಗೆ ಮನೆ ಎಲ್ಲಿಂದ ಬರಬೇಕು ಅನ್ನುವುದು ಬೇರೆ ಮಾತು. ನನ್ನ ಜೊತೆ ಕೆಲಸ ಮಾಡುವ ಒಡಿಶಾ, ಬಿಹಾರದ ಹುಡುಗರು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಅವರ ನಿದ್ದೆ ನೆನೆಸಿಕೊಂಡರೆ ನನಗೆ ಭಯ ಆಗುತ್ತದೆ.

ಚಹಾದ ಬಗ್ಗೆ ಒಂದು ಮಾತು. ಕೆಫೀನ್ ಎಚ್ಚರ ಹುಟ್ಟಿಸುವುದಿಲ್ಲ, ಅಡೆನೋಸಿನ್ ಕೂರುವ ಜಾಗದಲ್ಲಿ ತಾನು ಕೂತು ಒತ್ತಡ ಗೊತ್ತಾಗದ ಹಾಗೆ ಮಾಡುತ್ತದೆ. ಸಾಲ ಹಾಗೇ ಇರುತ್ತದೆ. ಕುಡಿದು ಇಪ್ಪತ್ತು-ಮೂವತ್ತು ನಿಮಿಷಕ್ಕೆ ಹತ್ತುತ್ತದೆ, ಅದರಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ತಾಸು ಬೇಕು. ಮೊದಲು ನಾಲ್ಕಕ್ಕೆ ಒಂದು ಸ್ಟ್ರಾಂಗ್ ಚಹಾ ಕುಡಿದು, ಎಂಟಕ್ಕೆ ಮಲಗಿದರೆ ನಿದ್ದೆ ಬರುವುದಿಲ್ಲ ಅಂತ ಒದ್ದಾಡುತ್ತಿದ್ದೆ. ಈಗ ಕೊನೆಯ ಚಹಾ ಎರಡು ಗಂಟೆಗೆ.

ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಮಲಗುತ್ತೇನೆ, ಬದಲಿಗೆ ಇನ್ನೊಬ್ಬರನ್ನು ಕೂರಿಸಿ, ಎಲ್ಲರಿಗೂ ಹೇಳಿಯೇ. ದೂರದ ವಿಮಾನ ಓಡಿಸುವ ಪೈಲಟ್‌ಗಳಿಗೆ ನಾಸಾದವರು ಸರದಿಯಲ್ಲಿ 40 ನಿಮಿಷ ಬಿಡುವು ಕೊಟ್ಟು ನೋಡಿದ್ದರು, ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದ್ದರು, ಎದ್ದ ಮೇಲೆ ಅದೇ ಹಾರಾಟದ ಉಳಿದ ಹೊತ್ತಿನಲ್ಲಿ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಮಲಗದವರಿಗಿಂತ ಚುರುಕಾಗಿದ್ದರು. ಇದನ್ನು ಪ್ರಿಂಟ್ ತೆಗೆದು ನಮ್ಮ ಶಿಫ್ಟ್ ಇನ್‌ಚಾರ್ಜ್‌ಗೆ ತೋರಿಸಿದೆ. ಅವರು ಓದಿ, "ಎದ್ದ ಮೇಲೆ ಹತ್ತು ನಿಮಿಷ ಪ್ಯಾನೆಲ್ ಮುಟ್ಟಬೇಡ" ಅಂತಷ್ಟೇ ಹೇಳಿದರು. ಅದೂ ಸರಿಯೇ, ಎದ್ದ ಕೂಡಲೇ ತಲೆ ಮಬ್ಬಾಗಿಯೇ ಇರುತ್ತದೆ. ಒಳ್ಳೆಯ ಮನುಷ್ಯ.

ನಮ್ಮ ಕಾಕಾನ ಮಗ ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೊ ಪೈಲಟ್. ಅವನಿಗೆ ನನ್ನ ಅಲಾರಂ ಕಥೆ ಹೇಳಿದಾಗ ಅವನಿಗೇನೂ ಆಶ್ಚರ್ಯ ಆಗಲಿಲ್ಲ. ಎಂಜಿನ್ನಿನಲ್ಲಿ ಡ್ರೈವರ್ ಒಂದು ನಿಮಿಷ ಏನನ್ನೂ ಮುಟ್ಟದಿದ್ದರೆ ಲೈಟ್ ಮಿನುಗುತ್ತದೆ, ಆಮೇಲೆ ಬಝರ್, ಅದಕ್ಕೂ ಜವಾಬು ಕೊಡದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. "ಕೈ ಕಲಿತುಬಿಡ್ತದ ಅಣ್ಣಾ, ತಲಿ ಮಲಗಿದ್ರೂ ಕೈ ಗುಂಡಿ ಒತ್ತತದ" ಅಂದ. ಅದಕ್ಕೇ ಅವರು ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಪ್ರತಿ ಸಿಗ್ನಲ್ ಕಂಡಾಗಲೂ ಒಬ್ಬ ಜೋರಾಗಿ ಕೂಗಿ ಹೇಳಬೇಕು, ಇನ್ನೊಬ್ಬ ತಿರುಗಿ ಹೇಳಬೇಕು. ಕೈ ನಿದ್ದೆಯಲ್ಲೂ ಒತ್ತಬಹುದು, ಆದರೆ ಕಣ್ಣಿನಿಂದ ನೋಡಿ, ಬಾಯಿಂದ ಹೇಳಿ, ಇನ್ನೊಬ್ಬನ ಮಾತಿಗೆ ಕಿವಿ ಕೊಡುವುದಕ್ಕೆ ಮಿದುಳಿನ ಬೇರೆ ಬೇರೆ ಮೂಲೆಗಳು ಒಟ್ಟಿಗೆ ಎದ್ದಿರಬೇಕು.

ಅದನ್ನು ನಾನು ಫೀಲ್ಡಿನ ಅಣ್ಣನ ಜೊತೆ ಶುರು ಮಾಡಿದೆ. ಮೂರರಿಂದ ಐದರವರೆಗೆ ಹದಿನೈದು ನಿಮಿಷಕ್ಕೊಮ್ಮೆ ಫೋನ್. ಬರೀ "ಎಲ್ಲ ಸರಿ" ಅನ್ನುವ ಹಾಗಿಲ್ಲ. ನಾನು ಒಂದೊಂದು ಟಿಸಿಯ ಅಂಕಿ ಓದುತ್ತೇನೆ, ಹೋದ ಸಲಕ್ಕಿಂತ ಏರಿತೋ ಇಳಿಯಿತೋ ಅವರು ಹೇಳಬೇಕು. ಎರಡು ಸಲ ಅವರ ಕಡೆಯಿಂದ ಉತ್ತರ ತಡವಾಗಿ ಬಂತು. ಒಮ್ಮೆ ನಾನೇ ಒಂದು ಅಂಕಿಯನ್ನು ಎರಡು ಬಾರಿ ಓದಿದೆ, ಅವರು ಹಿಡಿದರು. ಕೂಡಲೇ ಬದಲಿ ಕರೆಸಿದೆವು.

ಹೋದ ತಿಂಗಳು ಮೂರನೇ ನೈಟ್ ಮುಗಿಸಿ ಬಂದ ಬೆಳಿಗ್ಗೆ ಕುಷ್ಟಗಿಯಲ್ಲಿ ಸಂಬಂಧಿಕರ ಮದುವೆ ಇತ್ತು. ಬೈಕಿನಲ್ಲಿ ಹೋಗುವುದು ಅಂತ ಅಂದುಕೊಂಡಿದ್ದೆ. ಮೈ ಹಗುರ ಇತ್ತು, ನಿದ್ದೆ ಬಂದ ಹಾಗೆ ಏನೂ ಅನಿಸಿರಲಿಲ್ಲ. ಸ್ನಾನಕ್ಕೆ ಹೊರಟವನನ್ನು ತಡೆದು ಮಗಳು ಸ್ಕೇಲ್ ಹಿಡಿದು ನಿಂತಳು. 19, 18, 20, 17. ನಾನು ಸಾಕು ಅಂದೆ. ಅವಳು ಇಪ್ಪತ್ತು ಆಗಲೇಬೇಕು ಅಂದಳು. ಒಂಬತ್ತನೆಯದು ಬಿತ್ತು. ಹದಿಮೂರನೆಯದು ಬಿತ್ತು. ಹದಿನಾಲ್ಕನೆಯದೂ. ಅವಳು ಏನೂ ಅನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಗುಣಿಸು ಚಿಹ್ನೆ ಹಾಕಿ, ಬೈಕಿನ ಕೀಲಿ ತೆಗೆದುಕೊಂಡು ಹೋಗಿ ಅವರಮ್ಮನ ಕೈಗೆ ಕೊಟ್ಟಳು.

ಮೂವರೂ ಬಸ್ಸಿಗೆ ಹೋದೆವು. ಟಿಕೆಟ್ ತೆಗೆದುಕೊಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿ ಭುಜ ಅಲ್ಲಾಡಿಸಿ ಎಬ್ಬಿಸಿದ್ದು.